ಕೆಂಪೇರಿದ ಸ್ಲೈಡು

ಬಣ್ಣದಂಗಡಿಯಲ್ಲಿ ಅವರಿಗೆ ಹದ್ದಿನಕಣ್ಣಪ್ಪ ಎಂದೇ ಹೆಸರು. ಗೋಡೆಯಿಂದ ಕೆರೆದು ತಂದ ಉಗುರಗಲದ ಚಕ್ಕೆ ಕೊಟ್ಟರೆ ಸಾಕು, ಡಬ್ಬಿಗೆ ಒಂದು ತೊಟ್ಟು ಕಪ್ಪು, ಅರೆ ತೊಟ್ಟು ಹಳದಿ ಬಿಟ್ಟು ಕಲಸಿ, ಹಳೆಯದು ಯಾವುದು ಹೊಸದು ಯಾವುದು ಎಂದು ಗೋಡೆಗೇ ತಿಳಿಯದಂತೆ ಮಾಡಿಕೊಡುತ್ತಿದ್ದರು. ಗಿರಾಕಿ ತಕರಾರು ತೆಗೆದರೆ, "ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಬಿಸಿಲಿಗೆ ಹಿಡಿದು ನೋಡಿ ಸ್ವಾಮಿ" ಎಂದು ಛೇಡಿಸುತ್ತಿದ್ದರು. ಹೆಂಡತಿ ಅದೇ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಆ ಗಾದೆ ಅವರ ಬಾಯಿಂದ ಮತ್ತೆ ಹೊರಡಲಿಲ್ಲ.

ಮಗಳು ಆಗಷ್ಟೇ ಹೆಜ್ಜೆಯಿಡಲು ಕಲಿತಿದ್ದಳು. ದೊಡ್ಡವಳಾಗಿ ಅಮ್ಮನ ಬಗ್ಗೆ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಎಲ್ಲಾ ಏಕಾಏಕಿ ಆಗ್ಹೋಯ್ತು ಪುಟ್ಟಿ, ಯಾರಿಗೂ ಸುಳಿವೇ ಸಿಗ್ಲಿಲ್ಲ." ಮಗಳ ಸಮಾಧಾನಕ್ಕೆಂದು ಹೇಳುತ್ತಿದ್ದ ಮಾತು ಅದು. ಆದರೆ ಅದನ್ನೇ ಊರುಗೋಲು ಮಾಡಿಕೊಂಡು ಇಷ್ಟು ವರ್ಷ ನಡೆದವರು ಅವರೇ.

ಮದುವೆಯಾದ ಹೊಸತರಲ್ಲಿ ಅವರಿಗೆ ಕ್ಯಾಮೆರಾದ ಹುಚ್ಚು, ಅದರಲ್ಲೂ ಫಿಲ್ಮಿನ ಸ್ಲೈಡು ತೆಗೆದು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು ನೋಡುವ ಗೀಳು. ಪ್ರೊಜೆಕ್ಟರ್ ಗುಜರಿ ಸೇರಿತು, ಸ್ಲೈಡುಗಳ ಡಬ್ಬಿ ಅಟ್ಟ ಸೇರಿತು. ಈ ವರ್ಷ ಮಗಳು ಒಂದು ಸ್ಕ್ಯಾನರ್ ತಂದು ಅವರ ಮೇಜಿನ ಮೇಲಿಟ್ಟಳು.

"ಅಮ್ಮನ ಮುಖ ಯಾವ ಬಣ್ಣ ಅಂತ್ಲೇ ನಂಗೆ ಗೊತ್ತಿಲ್ಲ ಅಪ್ಪ. ಒಂದೇ ಒಂದು ಫೋಟೋ ಸರಿಮಾಡ್ಕೊಡು, ಸಾಕು."

ಸ್ಲೈಡುಗಳೋ, ಹಳತಾಗಿ ಬೀಟ್‌ರೂಟ್ ರಸದಲ್ಲಿ ಅದ್ದಿ ತೆಗೆದಂತಾಗಿದ್ದವು. ಕಂಪ್ಯೂಟರಿನಲ್ಲಿ ಅದಕ್ಕೊಂದು ಉಪಾಯವಿದೆ. ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಂಥ ಗುರುತನ್ನು ಚಿತ್ರದಲ್ಲಿ ಬಿಳಿಯಾಗಿರಬೇಕಾದ ಕಡೆ ಒಯ್ದು ಒತ್ತಬೇಕು. ಇದೇ ಬಿಳಿ ಎಂದು ನಂಬಿ ಯಂತ್ರ ಮಿಕ್ಕ ಬಣ್ಣಗಳನ್ನೆಲ್ಲ ಅದಕ್ಕೆ ತಕ್ಕಂತೆ ತಿರುಗಿಸುತ್ತದೆ.

ಅವರು ಆರಿಸಿಕೊಂಡದ್ದು ಕಿಟಕಿಯ ಪಕ್ಕ ಹೆಂಡತಿ ಕೂತ ಚಿತ್ರ. ತೊಡೆಯ ಮೇಲೆ ಇನ್ನೂ ಕತ್ತು ನಿಲ್ಲದ ಕೂಸು. ಸ್ಲೈಡಿನ ಧೂಳು ಊದಿ, ಸ್ಕ್ಯಾನ್ ಮಾಡಿ, ಡ್ರಾಪರನ್ನು ನೇರವಾಗಿ ಹೆಂಡತಿಯ ಕಣ್ಣಿನ ಬಿಳಿಗೆ ಒಯ್ದರು. ಅವಳಿರುವಾಗ ಬೇರೆ ಕಡೆ ಅವರ ಕೈ ಯಾಕೆ ಹೋದೀತು? ಒತ್ತಿದ್ದೇ ತಡ, ಕೆಂಪು ಹೋಯಿತು, ಆದರೆ ಕೋಣೆಗೆ ಕೋಣೆಯೇ ನೀಲಿಗಟ್ಟಿತು. ಕೂಸಿನ ಕೆನ್ನೆ ಚಳಿಗೆ ಹೆಪ್ಪುಗಟ್ಟಿದಂತೆ ಕಂಡಿತು.

"ಏನ್ ಮಿಷನ್ನೋ, ಇದಕ್ಕೇನು ಕಣ್ಣು ಕುರುಡಾ?" ಎಂದು ಗೊಣಗಿ, ಕೂಸಿಗೆ ಸುತ್ತಿದ್ದ ಬಿಳಿ ಬಟ್ಟೆಯ ಮೇಲೆ ಒತ್ತಿದರು. ಈಗ ಎಲ್ಲವೂ ಸರಿಹೋಯಿತು. ಕಿಟಕಿಯ ಬಟ್ಟೆ ಪರದೆ ಹಸಿರಾಯಿತು, ಗೋಡೆಗೆ ಅವರೇ ಬಳಿದಿದ್ದ ತಿಳಿಬೂದು ಮರಳಿತು, ಕೂಸಿನ ಕೆನ್ನೆಗೆ ರಕ್ತ ಬಂತು. ಅವಳ ಕಣ್ಣಿನ ಬಿಳಿ ಮಾತ್ರ ಹಳದಿಯಾಗಿ ಕಂಡಿತು. ಕಿಟಕಿಯ ಚೌಕಟ್ಟಿನ ಮೇಲೆ ಒತ್ತಿ ನೋಡಿದರು, ಮೇಜಿನ ಮೇಲಿದ್ದ ಪಿಂಗಾಣಿ ಲೋಟದ ಮೇಲೆ ಒತ್ತಿ ನೋಡಿದರು. ಏನು ಮಾಡಿದರೂ ಆ ಹಳದಿ ಜಗ್ಗಲಿಲ್ಲ.

ಆಗ ಅವರ ಕೈ ನಿಂತಿತು. ಚಿತ್ರ ತೆಗೆದ ಆ ದಿನದ ಮಾತು ಕಿವಿಯಲ್ಲಿ ಮೊದಲಿನಿಂದ ಕೇಳಿಸಿತು.

"ಯಾಕೋ ಕೂತ್ರೆ ಏಳೋಕೇ ಆಗಲ್ಲ ಕಣ್ರೀ. ತುಂಬಾ ಸುಸ್ತು."

"ಹೆತ್ತೋರಿಗೆಲ್ಲ ಇರೋದೇ ಬಿಡು. ಎಲ್ಲಿ, ಕಣ್ಣು ಅಗಲ ಬಿಡು, ಬೆಳಕು ಬೀಳ್ಲಿ."

ಅವಳು ಕಣ್ಣು ಅಗಲ ಬಿಟ್ಟಿದ್ದಳು. ಅವರು ಹೇಳಿದರೆಂದು ನಕ್ಕೂ ಇದ್ದಳು. ಊರಿನ ಗೋಡೆಗಳ ಅರೆ ತೊಟ್ಟು ಹಳದಿಯನ್ನು ಹಿಡಿಯುತ್ತಿದ್ದ ಕಣ್ಣಿಗೆ ಸ್ವಂತ ಹೆಂಡತಿಯ ಕಣ್ಣಿನ ಹಳದಿ ಕಂಡಿರಲಿಲ್ಲ. ಕೂಸಿನ ಕತ್ತು ನಿಂತು, ಅದು ಕೂತು, ಅಂಬೆಗಾಲಿಟ್ಟು, ಎದ್ದು ನಡೆಯುವಷ್ಟು ಕಾಲ ಕೈಯಲ್ಲಿತ್ತು. ಹದ್ದಿನಕಣ್ಣಪ್ಪ ಬಾಯಿಗೆ ಅಂಗೈ ಒತ್ತಿಕೊಂಡು ಅತ್ತರು.

ಸಂಜೆ ಮಗಳು ಕೆಲಸದಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ಹಿಂದೆ ಬಂದು ನಿಂತು, ಅವರ ಭುಜದ ಮೇಲೆ ಕೈಯಿಟ್ಟಳು.

"ಅಯ್ಯೋ ಅಪ್ಪ, ಅಮ್ಮ ಎಷ್ಟು ಚೆನ್ನಾಗಿದ್ದಾಳೆ! ಪರದೆ ಹಸಿರಿತ್ತಾ?" ಎಂದು ಬಗ್ಗಿ ನೋಡಿದಳು. "ಕಣ್ಣಲ್ಲಿ ಒಂಚೂರು ಹಳದಿ ಉಳ್ಕೊಂಡಿದೆ ನೋಡು. ಅದನ್ನೂ ತೆಗ್ದುಬಿಡು."

ತೆಗೆಯುವುದು ಎಷ್ಟರ ಕೆಲಸ? ಕಂಪ್ಯೂಟರಿನ ಕುಂಚವನ್ನು ಎರಡು ಸಲ ಆಡಿಸಿದರೆ ಮುಗಿಯಿತು. ಮಗಳಿಗೆ ಬಿಳಿ ಕಣ್ಣಿನ ಅಮ್ಮ ಸಿಗುತ್ತಾಳೆ, ಅವರ ಊರುಗೋಲೂ ಉಳಿಯುತ್ತದೆ. ಅವರು ಮೌಸನ್ನು ಪಕ್ಕಕ್ಕೆ ಸರಿಸಿದರು.

"ಅದು ಫಿಲ್ಮಿನ ಬಣ್ಣ ಅಲ್ಲ, ಪುಟ್ಟಿ."

ಮಗಳು ಆ ಕಣ್ಣುಗಳನ್ನು ನೋಡಿದಳು. ತೊಡೆಯ ಮೇಲಿನ ಕೂಸನ್ನು ನೋಡಿದಳು. ಭುಜದ ಮೇಲಿದ್ದ ಅವಳ ಕೈ ಭಾರವಾಯಿತು.

"ನಾನು ಇಷ್ಟು ಚಿಕ್ಕವಳಿದ್ದಾಗ್ಲೇ ಕಾಮಾಲೆ ಇತ್ತಾ? ನೀನು ನೋಡ್ಲಿಲ್ವಾ ಅಪ್ಪ?"

"ನೋಡಿದ್ದೆ," ಎಂದರು ಅವರು. "ಆ ಕಣ್ಣಿಗೇ ಫೋಕಸ್ ಮಾಡಿದ್ದೆ."