ಮಜ್ಜಿಗೆ ಬಕೆಟ್ಟಿನ ಮೀನು

ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷ. ಇದು ನೆನಪಿನಿಂದ ಹೇಳುತ್ತಿರುವುದಲ್ಲ, ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಹೊತ್ತು. ಬಸ್ಸು ಹಾನಗಲ್ ನಿಲ್ದಾಣದಿಂದ ಹೊರಳುತ್ತಿದ್ದಾಗ ಕಂಡಕ್ಟರ್ ನನ್ನ ಕಾಲ ಬಳಿಯ ಪೇಂಟಿನ ಬಕೆಟ್ ತೋರಿಸಿ ಕೇಳಿದರು.

“ಇದರಾಗ ಏನೈತ್ರಿ ಮೇಡಂ?”

“ಮಜ್ಜಿಗಿ” ಅಂದೆ.

ಬಕೆಟ್ಟಿನಲ್ಲಿದ್ದದ್ದು ಮೀನು. ಮೊಳದುದ್ದದ, ಕಪ್ಪನೆಯ, ಜೀವಂತ ಮೀಸೆಮೀನು.

ಹಿರೇಕೆರೂರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಆ ವಾರ ಬೆನ್ನುಮೂಳೆಯ ಪ್ರಾಣಿಗಳು ಹುಟ್ಟಿದ ಕಥೆ ಹೇಳಬೇಕಿತ್ತು. ಮೊದಮೊದಲಿನ ಮೀನುಗಳಿಗೆ ದವಡೆಯೇ ಇರಲಿಲ್ಲ, ಕೆಲವು ತಲೆಗೆ ಮೂಳೆಯ ಕವಚ ತೊಟ್ಟಿದ್ದವು, ಆಮೇಲೆ ದವಡೆ ಬಂತು, ಇನ್ನೂ ಆಮೇಲೆ ಒಂದು ಬಗೆಯ ಮೀನುಗಳ ಈಜುರೆಕ್ಕೆ ಕಾಲಾಯಿತು. ಇಷ್ಟನ್ನು ತೋರಿಸಲು ನಮ್ಮ ಪ್ರಯೋಗಾಲಯದಲ್ಲಿ ಇರುವುದು ಪಳೆಯುಳಿಕೆ ಮೀನಿನ ಒಂದೇ ಒಂದು ಪ್ಲಾಸ್ಟರ್ ಅಚ್ಚು. ಅದನ್ನು ಬೆಂಚಿನಿಂದ ಬೆಂಚಿಗೆ ದಾಟಿಸುವಾಗ ಹಿಂದಿನ ಸಾಲಿನವನೊಬ್ಬ, “ಚಪಾತಿ ಮ್ಯಾಲ ಬಾಚಣಿಗಿ ಒತ್ತಿದಂಗೈತ್ರಿ ಮೇಡಂ” ಎಂದಿದ್ದ. ನೋಡಿದರೆ ಹಾಗೆಯೇ ಇತ್ತು. ನಮ್ಮ ಸುತ್ತಿನ ಗುಡ್ಡಗಳಲ್ಲಿ ಬೇರೊಂದನ್ನು ಹುಡುಕಿ ತರೋಣವೆಂದರೆ ಇಲ್ಲಿಯ ಬಂಡೆಗಳು ಮೀನು ಎಂಬುದು ಹುಟ್ಟುವುದಕ್ಕೂ ಬಹಳ ಮೊದಲಿನವು. ಎಷ್ಟು ಅಗೆದರೂ ಒಂದು ಮುಳ್ಳು ಸಿಗುವುದಿಲ್ಲ. ಹಾಗಾಗಿ ಜೀವಂತ ಮೀನನ್ನೇ ತೋರಿಸುತ್ತೇನೆಂದು ಹಟ ಹುಟ್ಟಿತು. ಮೀಸೆಮೀನು ನೀರಿನಿಂದ ತಲೆ ಎತ್ತಿ ಗಾಳಿ ನುಂಗುತ್ತದೆ, ಹಸಿ ನೆಲದ ಮೇಲೆ ರೆಕ್ಕೆಯ ಮುಳ್ಳುಗಳನ್ನು ಊರಿಕೊಂಡು ತೆವಳುತ್ತದೆ. ಊರ ಕೆರೆಯಲ್ಲಿ ಬಲೆ ಹಾಕುವವರಿಂದ ಒಂದನ್ನು ಹಿಂದಿನ ಸಂಜೆಯೇ ತಂದಿದ್ದೆ.

ನಮ್ಮದು ದಶಾವತಾರದ ಪಟಕ್ಕೆ ದಿನವೂ ಹೂವೇರಿಸುವ ಮನೆ. ಪಟದಲ್ಲಿ ಮೊದಲಿಗೆ ಇರುವುದು ಮೀನೇ. ಹಾಗೆಂದು ಮೀನನ್ನು ಹೊಸ್ತಿಲೊಳಗೆ ತಂದರೆ ಅವ್ವ ನನ್ನನ್ನು ಹೊಸ್ತಿಲಾಚೆ ಹಾಕುತ್ತಿದ್ದಳು. ಬಕೆಟ್ ಸಣ್ಣದಾಗಿ ಮೀನು ಒದ್ದಾಡತೊಡಗಿದಾಗ, ಅವಳು ಮಲಗಿದ್ದಾಳೆಂದು ಖಚಿತ ಮಾಡಿಕೊಂಡು ಅದನ್ನು ಬಚ್ಚಲಿನ ತಾಮ್ರದ ಹಂಡೆಗೆ ಬಿಟ್ಟಿದ್ದೆ. ಅವಳು ಮಡಿಯ ಸ್ನಾನಕ್ಕೆ ನೀರು ಕಾಯಿಸುವ ಹಂಡೆ ಅದು. ನಸುಕಿನಲ್ಲಿ ಎದ್ದು ಮೀನನ್ನು ಹೊರತೆಗೆದು ಹಂಡೆ ತೊಳೆದಿಟ್ಟೆ. ಈ ಗುಟ್ಟು ಹೊಟ್ಟೆಯಲ್ಲಿದ್ದುದರಿಂದಲೇ ಕಂಡಕ್ಟರ್ ಕೇಳಿದಾಗ ಬಾಯಿಗೆ ಮಜ್ಜಿಗೆ ಬಂತು.

ನಾನು ಕುಳಿತದ್ದು ಡ್ರೈವರ್ ಪಕ್ಕ, ಎಂಜಿನ್ ಬದಿಯ ಉದ್ದ ಸೀಟಿನಲ್ಲಿ. ನನಗೆ ಒತ್ತಿಕೊಂಡು ಒಬ್ಬ ಅಜ್ಜಿ ಕುಳಿತಿದ್ದಳು. ತಿಳವಳ್ಳಿ ಇನ್ನೂ ಮುಂದಿರುವಾಗ ಅವಳು ಸೆರಗಿನ ಗಂಟು ಬಿಚ್ಚಿ ಒಂದು ಗುಳಿಗೆ ತೆಗೆದಳು.

“ಯವ್ವಾ, ಒಂದು ಗುಟುಕು ಮಜ್ಜಿಗಿ ಕೊಡ. ಗುಳಗಿ ನುಂಗಬೇಕು.”

ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಪದವಿ ಪಡೆದವಳು ಆ ಗಳಿಗೆಯಲ್ಲಿ ಯೋಚಿಸಬಹುದಾದದ್ದು ಅಷ್ಟೇ.

“ಮಲಗೈತಿ ಪಾಪ. ನಾನ ತಗೋತೇನಿ” ಎಂದಳು ಅಜ್ಜಿ. ಮುಚ್ಚಳ ಟಪ್ಪೆಂದಿತು.

ಬಸ್ಸು ಆಗಷ್ಟೇ ಕೆರೆಯ ಏರಿಯತ್ತ ಇಳಿಜಾರಿಗೆ ಬಿದ್ದಿತ್ತು. ಮೀನು ಒಂದೇ ಜಿಗಿತಕ್ಕೆ ಹೊರಬಿತ್ತು. “ಯಪ್ಪಾ, ಮಜ್ಜಿಗ್ಯಾಗ ಹಾವು!” ಎಂದು ಅಜ್ಜಿ ಕಿರುಚಿದಳು. ಚೆಲ್ಲಿದ ನೀರು ಇಳಿಜಾರಿಗೆ ಮುಂದಕ್ಕೆ ಹರಿಯಿತು. ಅದರ ಹಿಂದೆ ಮೀನು, ಮೊಣಕೈ ಊರಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ, ನೇರವಾಗಿ ಡ್ರೈವರ್ ಕಾಲಿನ ಕಡೆಗೆ ಹೊರಟಿತು. ನಾನು ತರಗತಿಯಲ್ಲಿ ಒಂದು ವಾರ ಹೇಳಬೇಕೆಂದಿದ್ದುದನ್ನು ಅದು ನಾಲ್ಕು ಕ್ಷಣದಲ್ಲಿ ಮುಗಿಸಿತು.

ಹಾವು ಎಂಬ ಮಾತು ಕಿವಿಗೆ ಬಿದ್ದು, ಕೆಳಗೆ ಕಪ್ಪನೆಯದೊಂದು ಕಂಡೊಡನೆ ಡ್ರೈವರ್ ಎರಡೂ ಕಾಲುಗಳನ್ನು ಸೀಟಿನ ಮೇಲೆ ಎತ್ತಿಕೊಂಡರು. ಬಸ್ಸು ತನ್ನಷ್ಟಕ್ಕೇ ಓಡಿತು. ಅವರು ಎಚ್ಚೆತ್ತು ಬ್ರೇಕಿಗೆ ಕಾಲು ಹಾಕಿದರೆ ಮೀನಿನ ಮೈಯ ಲೋಳೆಗೆ ಪಾದ ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ಗಾಜಿನ ತುಂಬ ಕೆರೆ ಕಾಣುತ್ತಿತ್ತು. ಆ ನೀರಿನ ಮೇಲೆ ಒಂದು ಬೆಳ್ಳಕ್ಕಿ ನೆಮ್ಮದಿಯಾಗಿ ಹಾರುತ್ತಿತ್ತು. ಇಂದಿಗೂ ನನಗೆ ಮೊದಲು ಕಾಣುವುದು ಆ ಬೆಳ್ಳಕ್ಕಿ. ಡ್ರೈವರ್ ಸ್ಟೇರಿಂಗ್ ಹೊರಳಿಸಿ, ರಸ್ತೆಯ ಬದಿಗೆ ಒಣಗಲು ರಾಶಿ ಹಾಕಿದ್ದ ಗೋವಿನಜೋಳದ ತೆನೆಗಳೊಳಗೆ ಬಸ್ಸನ್ನು ನುಗ್ಗಿಸಿದರು. ತೆನೆಗಳು ಗಾಜಿನ ಮೇಲೆ ಸುರಿದವು. ಬಸ್ಸು ನಿಂತಿತು. ಮುಂದಿನ ಚಕ್ರದಿಂದ ನೀರಿಗೆ ಎರಡು ಮಾರು ಇತ್ತು.

ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ. ಅಜ್ಜಿಯ ಗುಳಿಗೆ ಮಾತ್ರ ಕಳೆದುಹೋಗಿತ್ತು. ಎಲ್ಲರೂ ಇಳಿದು ಒಟ್ಟಿಗೇ ಮಾತಾಡುತ್ತಿರುವಾಗ, ಮೀನು ಬಾಗಿಲ ಮೆಟ್ಟಿಲಿನಿಂದ ಬಿದ್ದು, ಹಸಿ ಹುಲ್ಲಿನ ಮೇಲೆ ತೆವಳಿ ಕೆರೆಗೆ ಇಳಿದದ್ದನ್ನು ನಾನೊಬ್ಬಳೇ ನೋಡಿದೆ. ಸಾಕ್ಷಿ ತಾನೇ ನಡೆದು ಹೋಯಿತು. ಕಂಡಕ್ಟರ್ ಬಂದು, “ನೀವೇನಾರ ನೋಡಿದ್ರೇನ್ರಿ?” ಎಂದಾಗ, “ನಿದ್ದಿ ಹತ್ತಿತ್ತರಿ” ಎಂದೆ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಇಳಿಜಾರು, ಗಾಜು, ಬೆಳ್ಳಕ್ಕಿ. ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಂಚದ ಕಾಲ್ಗಡೆಯ ಹಲಗೆ ದಡದಡ ಎನ್ನುತ್ತಿತ್ತು.

“ಯಾಕ ಮಂಚ ಒದೀಲಿಕ್ಕತ್ತೀ? ಅದೇನು ಮಾಡ್ಯದ ನಿನಗ?” ಎಂದು ಅವ್ವ ಒಳಗಿನಿಂದ ಕೇಳುತ್ತಿದ್ದಳು.

ಎಂಟನೆಯ ದಿನ ಅದೇ ಕಂಡಕ್ಟರ್ ಸಿಕ್ಕರು. ಡ್ರೈವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ, ಸೋಮವಾರ ವಿಚಾರಣೆ ಎಂದರು. “ಅಂವ ಕಾಲಾಗ ಮೀನ ಬಂತು ಅಂತಾನ. ಅಜ್ಜಿ ಮಜ್ಜಿಗ್ಯಾಗಿಂದ ಹಾವು ಎದ್ದು ಬಂತು ಅಂತಾಳ. ನಾ ಬಕೆಟ್ಟಿನ್ಯಾಗ ಮಜ್ಜಿಗಿ ಇತ್ತು ಅಂತ ಬರದೇನಿ. ಸಾಹೇಬ್ರು ಮೂರೂ ಓದಿ, ಡ್ರೈವರ್ ಕುಡದಿದ್ದ, ಉಳದವರೂ ಕುಡದಿದ್ರೇನು ಅಂತ ಕೇಳಾಕತ್ತಾರ. ಇಪ್ಪತ್ತು ವರ್ಷ ಒಂದು ಕೋಳಿಗೂ ಬಸ್ ಹಾಯಿಸದಂವ್ರಿ. ನೌಕರಿ ಹೋಗತೈತಿ.”

ಆ ಸಂಜೆ ಅವ್ವನೆದುರು ಕುಳಿತು ಎಲ್ಲ ಹೇಳಿದೆ. ಹಂಡೆಯ ಮಾತು ಬಂದಾಗ ಅವಳು ಎದ್ದು ಹೋಗಿ, ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕತೊಡಗಿದಳು. ತಿಕ್ಕುತ್ತಲೇ ಅಂದಳು: “ಎಂಟು ದಿನ ಈ ಹಂಡೆ ನೀರಾಗ ಮಡಿ ಸ್ನಾನ ಮಾಡೇನಿ. ನನಗೇನೂ ಆಗಿಲ್ಲ. ಆ ಮನಿಷಾಗ ಏನಾಗ್ಯದ ಅಂತ ಹೋಗಿ ನೋಡಿ ಬಾ.”

ಎರಡು ದಿನ ಬಿಟ್ಟು ಹೊರಟೆ. ಡ್ರೈವರ್ ಮನೆ ಸವಣೂರಿನಲ್ಲಿ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸುವಾಗ ಹಾನಗಲ್ಲಿಗೆ ಮರಳುವ ಬಸ್ಸು ಎದುರಿಗೇ ನಿಂತಿತ್ತು. ಒಂದು ಕಾಲು ಅದರ ಮೆಟ್ಟಿಲ ಮೇಲೂ ಇಟ್ಟೆ. ಆಮೇಲೆ ಇಳಿದೆ. ಹೋದಾಗ ಡ್ರೈವರ್ ಮನೆಯ ಜಗುಲಿಯ ಮೇಲೆ ವೀಳ್ಯದೆಲೆಗಳನ್ನು ಒರೆಸಿ ಜೋಡಿಸುತ್ತಿದ್ದರು. ಮೀನು ನನ್ನದು ಎಂದೆ. ಅವರು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು.

“ಹಂಗಾರ ಅದು ಖರೇನ ಮೀನೇನ್ರಿ ಅಕ್ಕಾರ?”

“ಖರೇನರಿ.”

“ಹತ್ತು ದಿನಾತು, ನನ್ನ ತಲಿ ಕೆಟ್ಟೈತಿ ಅಂತ ನಾನ ನಂಬಿದ್ದೆ” ಎಂದು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: “ಏ, ಮೀಸಿ ಇತ್ತು ಅಂದಿದ್ನಲ್ಲಾ! ಮೀಸಿನೂ ಖರೇನ!”

ಸೋಮವಾರ ವಿಚಾರಣೆಗೆ ಬಸ್ ಡಿಪೋದ ಕಚೇರಿಗೆ ನಾನು ಎರಡು ವಸ್ತು ಒಯ್ದೆ. ಚೀಲದಲ್ಲಿ ಪ್ಲಾಸ್ಟರ್ ಅಚ್ಚು, ಬಕೆಟ್ಟಿನಲ್ಲಿ ಇನ್ನೊಂದು ಮೀಸೆಮೀನು. ಬಕೆಟ್ಟಿನ ಮೇಲೆ ದೊಡ್ಡದಾಗಿ ಮೀನು ಎಂದು ಬರೆದಿದ್ದೆ. ಸಾಹೇಬರು ಮೇಜಿನ ಹಿಂದೆ, ಗುಮಾಸ್ತರು ಪಕ್ಕದಲ್ಲಿ, ಡ್ರೈವರ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

“ಮೀನ ನಡೀತೈತಿ ಅಂತೀರಿ” ಎಂದರು ಸಾಹೇಬರು.

“ಹೂಂರಿ. ಗಾಳಿನೂ ಕುಡೀತದ.”

“ಟಿಕೆಟ್ಟೂ ತಗೋತೈತೇನ್ರಿ?”

ನಾನು ನೆಲಕ್ಕೆ ನೀರು ಚಿಮುಕಿಸಿ ಮೀನನ್ನು ಬಿಟ್ಟೆ. ಅದು ಹಿಂಡಿದ ಅರಿವೆಯಂತೆ ಬಿದ್ದುಕೊಂಡಿತು. ಅಲುಗಲಿಲ್ಲ. ಡ್ರೈವರ್ ಮುಖ ಇಳಿಯಿತು. ಹೊತ್ತು ಕಳೆಯಲು ಅಚ್ಚನ್ನು ಮೇಜಿನ ಮೇಲಿಟ್ಟು ಪಾಠ ಶುರುಮಾಡಿದೆ.

“ಮೊದಲಿನ ಮೀನಿಗೆ ದವಡೀನ ಇರಲಿಲ್ಲರಿ.”

“ಮತ್ತ ಊಟ?”

“ರಾಡಿ ಹೀರತಿದ್ದವು. ಆಮ್ಯಾಲ ಕಿವಿರಿಗೆ ಆಧಾರ ಇದ್ದ ಕಮಾನು ದವಡಿ ಆತು.”

“ಇದು ನಮ್ಮ ಮುತ್ತಜ್ಜ ಏನು?” ಎಂದು ನೆಲದ ಮೇಲಿನದನ್ನು ತೋರಿಸಿದರು.

“ಅಲ್ಲರಿ. ನಮ್ಮ ಹಿರಿಯರು ಬ್ಯಾರೆ ಮೀನು, ಬಹಳ ಹಿಂದ ದಂಡಿಗೆ ಬಂದವರು. ಇದು ದಾಯಾದಿ. ತನ್ನಷ್ಟಕ್ಕ ತಾನ ನಡಿಯೋದು ಕಲತದ.”

“ದಾಯಾದಿ ಅಂದಮ್ಯಾಲ ನಂಬಾಕ ಬರಂಗಿಲ್ಲ ಬಿಡ್ರಿ. ನೋಡ್ರಿ, ಹೆಂಗ ಬಿದ್ದೈತಿ” ಎಂದು ಸಾಹೇಬರು ಪೆನ್ನು ತೆರೆದರು. ಅವರು ಏನೋ ಬರೆಯಲು ಬಾಗಿದರು. ಡ್ರೈವರ್ ಕಣ್ಣು ಮುಚ್ಚಿಕೊಂಡರು.

ಆಗ ದಾಯಾದಿ ಎದ್ದಿತು. ಮುಳ್ಳು ಊರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ, ಮೇಜಿನ ಕೆಳಗೆ ಹೊಕ್ಕಿತು.

“ಏ! ಏ! ಏ!” ಸಾಹೇಬರ ಎರಡೂ ಕಾಲು ಕುರ್ಚಿಯ ಮೇಲಿದ್ದವು. ಫೈಲನ್ನು ಎದೆಗೆ ಅವುಚಿಕೊಂಡಿದ್ದರು. ಪೆನ್ನು ಎಲ್ಲಿಗೆ ಹೋಯಿತೋ.

ಬಾಗಿಲಿನಿಂದ ಡ್ರೈವರ್ ಬಹಳ ವಿನಯದಿಂದ ಅಂದರು: “ನಾನೂ ಹಿಂಗ ಮಾಡಿದ್ದೆರಿ ಸಾಹೇಬ್ರ.”

ಮೊದಲು ನಕ್ಕವರು ಗುಮಾಸ್ತರು. ಆಮೇಲೆ ಸಾಹೇಬರೂ ನಕ್ಕರು. ಆದರೆ ಮೀನು ಬಕೆಟ್ಟಿಗೆ ಸೇರಿ ಮುಚ್ಚಳ ಬೀಳುವವರೆಗೆ ಕಾಲು ಇಳಿಸಲಿಲ್ಲ. ನನ್ನ ಹೇಳಿಕೆ ಬರೆಸಿಕೊಂಡರು. ಮಜ್ಜಿಗೆ ಎಂದು ಯಾಕೆ ಹೇಳಿದಿರಿ ಎಂಬ ಪ್ರಶ್ನೆಗೆ “ನಾಚಿಕೆಯಿಂದ” ಎಂದು ಬರೆದು ಸಹಿ ಹಾಕಿದೆ. ಕಾಲೇಜಿನವರು ಇನ್ನು ಮುಂದೆ ಪಾಠಕ್ಕೆ ಚಿತ್ರ ಸಾಕು ಎಂದರು. ಡ್ರೈವರ್ ಗುರುವಾರ ಕೆಲಸಕ್ಕೆ ಮರಳಿದರು.

ಅಂದು ಎಂಟು ಗಂಟೆಯ ಬಸ್ಸಿಗೆ ನಾನು ಹತ್ತಿದೆ. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಚೀಲ ತೆರೆದು ಅಚ್ಚು ತೋರಿಸಿದೆ. ಡ್ರೈವರ್ ಕನ್ನಡಿಯಲ್ಲೇ ಇಣುಕಿದರು.

“ಸತ್ತೈತೇನ್ರಿ ಅಕ್ಕಾರ?”

“ಬಹಳ ಹಿಂದ ಸತ್ತದ.”

“ಆದ್ರೂ ಹಿಂದಿನ ಸೀಟಿಗೆ ಕುಂದರ್ರಿ.”

ಹೋಗಿ ಕುಳಿತೆ. ಏರಿಯ ಇಳಿಜಾರು ಬಂತು. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಆದರೆ ಈ ಸಲ ಮುಂದೆ ಇನ್ನೊಂದು ಕಾಲು ನಿಜವಾದ ಬ್ರೇಕನ್ನು ಒತ್ತಿತು, ಬಸ್ಸು ನಿಧಾನವಾಗಿ ಕೆರೆಯ ಏರಿಯನ್ನು ಹತ್ತಿತು. ಆ ರಾತ್ರಿ ಹಾಸಿಗೆಗೆ ಬಿದ್ದದ್ದಷ್ಟೇ ಗೊತ್ತು. ಶುಕ್ರವಾರ ಬಿಸಿಲು ಕಿಟಕಿಗೆ ಬಂದಾಗ ಅವ್ವ ತಲೆಬಾಗಿಲಲ್ಲಿ ನಿಂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: “ರಾತ್ರಿಯೆಲ್ಲಾ ಮಂಚದ ಸಪ್ಪಳನ ಇಲ್ಲರಿ. ಉಸಿರಾಡ್ಲಿಕ್ಕತ್ಯಾಳೋ ಇಲ್ಲೋ ಅಂತ ನಾನ ಮೂರು ಸಲ ಎದ್ದು ನೋಡಿದೆ.”