ಪರದೆಗೆ ಬೈರಾಸು ಹೊದೆಸಿದ ಬೆನ್ನಿ ಮಾಸ್ಟ್ರು

೧೯೮೭ರ ಅಕ್ಟೋಬರ್ ತಿಂಗಳ ಒಂದು ಶನಿವಾರ, ಮಣಿಪಾಲದ ಒಂದು ಸಭಾಂಗಣದಲ್ಲಿ ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಪ್ರದರ್ಶನ ನಡೆಯುತ್ತಿದ್ದಾಗ, ಕಾಪುವಿನ ಬೆನ್ನಿ ಮಾಸ್ಟ್ರು ಕುರ್ಚಿಯಿಂದ ಎದ್ದು ಹೋಗಿ ಕಂಪ್ಯೂಟರಿನ ಪರದೆಗೆ ತಮ್ಮ ಬೈರಾಸು, ಅಂದರೆ ಹೆಗಲ ಮೇಲಿನ ಟವೆಲ್ಲು, ಹೊದೆಸಿದರು.

ಉಡುಪಿಯ ವರದಿಗಾರನಾಗಿ ನಾನು ಅಲ್ಲಿದ್ದೆ. ಸಭಿಕರು ನಕ್ಕರು. ಮಾಸ್ಟ್ರನ್ನು ಬಲ್ಲ ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಬೆನ್ನಿ ಮಾಸ್ಟ್ರು ಮೂಲತಃ ಟೈಪಿಂಗ್ ಮಾಸ್ಟ್ರು. ಎಪ್ಪತ್ತರ ದಶಕದಲ್ಲಿ ಕಾಪು ಪೇಟೆಯ ಮಹಡಿಯೊಂದರಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ವಿದ್ಯಾರ್ಥಿಗಳ ಕೈ ಮತ್ತು ಕೀಲಿಗಳ ಮೇಲೆ ಬೈರಾಸು ಹಾಸಿ, ಕಣ್ಣು ಪಕ್ಕದ ಕಾಗದದ ಮೇಲೆಯೇ ಇರುವಂತೆ ನೋಡಿಕೊಳ್ಳುವುದು ಅವರ ಕ್ರಮ. ಎಂಬತ್ತರ ದಶಕದ ನಡುವಿನಲ್ಲಿ ಬಹರೈನ್‌ನಲ್ಲಿದ್ದ ಭಾವ ಒಂದು ಕಂಪ್ಯೂಟರ್ ತಂದುಕೊಟ್ಟರು. ಟೈಪಿಂಗ್ ಶಾಲೆ ಕಂಪ್ಯೂಟರ್ ಶಾಲೆಯಾಯಿತು. ಬೈರಾಸು ಕೀಲಿಮಣೆಯಿಂದ ಪರದೆಗೆ ಏರಿತು.

ಆಗಿನ ಕಂಪ್ಯೂಟರಿನಲ್ಲಿ ಚಿತ್ರಗಳಿರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಬೇಕಾದ ಕೆಲಸದ ಆಜ್ಞೆಯನ್ನು ಅಕ್ಷರ ತಪ್ಪದೆ ಒತ್ತಬೇಕು. ಮಾಸ್ಟ್ರ ಶಾಲೆಯಲ್ಲಿ ಆ ಆಜ್ಞೆಗಳನ್ನು ಮಗ್ಗಿಯಂತೆ ಬಾಯಿಪಾಠ ಹೇಳಬೇಕಿತ್ತು. ಆಮೇಲೆ ಬೈರಾಸು ಹೊದ್ದ ಪರದೆಯ ಮುಂದೆ ಕೂತು ಒತ್ತಬೇಕಿತ್ತು. ಕೆಲಸ ಮುಗಿದ ಮೇಲೆ ಮಾಸ್ಟ್ರು ಬೈರಾಸು ಸರಿಸುತ್ತಿದ್ದರು, ಪಾತ್ರೆಯ ಮುಚ್ಚಳ ತೆಗೆದು ಅನ್ನ ಬೆಂದಿದೆಯೋ ಎಂದು ನೋಡುವವರ ಹಾಗೆ. ಕೆಲಸ ಸರಿಯಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ತಪ್ಪಿದ್ದರೆ, "ನೋಡಿಕೊಂಡು ಮಾಡ್ಲಿಕ್ಕೆ ಎಲ್ಲರಿಗೂ ಬರ್ತದೆ" ಎನ್ನುತ್ತಿದ್ದರು.

ಕಾಪುವಿನಲ್ಲಿ ವಿದ್ಯುತ್ತು ಹೋಗುವುದು ನಿತ್ಯದ ಮಾತು. ಹೋದ ಕೂಡಲೇ ವಿದ್ಯಾರ್ಥಿಗಳು ಕೀಲಿಗಳಿಂದ ಕೈ ಎತ್ತಿದರೆ ಮಾಸ್ಟ್ರಿಗೆ ಸಿಟ್ಟು.

"ಯಾಕೆ ನಿಲ್ಲಿಸಿದ್ದು?"

"ಕರೆಂಟು ಹೋಯ್ತು ಮಾಸ್ಟ್ರೆ."

"ಕರೆಂಟು ಹೋದದ್ದು ಕಂಪ್ಯೂಟರಿಗೆ. ನಿಮಗೆ ಎಂತ ಆಗಿದೆ?"

ಸತ್ತ ಯಂತ್ರದ ಮೇಲೆ ಪಾಠ ಮುಂದುವರಿಯುತ್ತಿತ್ತು. ಕೀಲಿಯ ಸದ್ದಿನಿಂದಲೇ ತಪ್ಪು ಗೊತ್ತಾಗುತ್ತದೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಈ ಹೇಳಿಕೆಗೆ ಸ್ವತಂತ್ರವಾದ ದೃಢೀಕರಣ ನನಗೆ ಸಿಕ್ಕಿಲ್ಲ.

ಪ್ರದರ್ಶನದ ದಿನ ಮಾಸ್ಟ್ರಿಗೆ ನಗುವ ಪರಿಸ್ಥಿತಿ ಇರಲಿಲ್ಲ. ಹೊಸ ವರ್ಷದಿಂದ ಉಡುಪಿಯಲ್ಲಿ ಈ ಹೊಸ ಪದ್ಧತಿಯನ್ನೇ ಕಲಿಸುವ ಕೇಂದ್ರವೊಂದು ತೆರೆಯುವುದಿತ್ತು. ತಮ್ಮ ಮಕ್ಕಳನ್ನು ಕಾಪುವಿನಲ್ಲೇ ಇಡುವುದೋ ಉಡುಪಿಗೆ ಕಳಿಸುವುದೋ ಎಂದು ತಂದೆತಾಯಿಗಳು ಮಾಸ್ಟ್ರನ್ನೇ ಕೇಳುತ್ತಿದ್ದರು. ಕಾರ್ಕಳದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಸುಮತಿ ಅವರ ಅತ್ಯಂತ ಚುರುಕಿನ ವಿದ್ಯಾರ್ಥಿನಿ. ಅವಳ ಅಪ್ಪ ಒಂದೇ ಮಾತು ಹೇಳಿದ್ದರು: "ಮಾಸ್ಟ್ರು ಹೇಳಿದ ಹಾಗೆ." ಹೊಸತು ನಿಲ್ಲುವುದಿಲ್ಲ ಎಂದು ಮಾಸ್ಟ್ರು ಹೇಳಿದರೆ ಶಾಲೆ ಉಳಿಯುತ್ತಿತ್ತು. ನಿಲ್ಲುತ್ತದೆ ಎಂದರೆ ಮಹಡಿ ಖಾಲಿ. ನೋಡಿ ಹೇಳುತ್ತೇನೆ ಎಂದು ಅವರು ಸುಮತಿಯನ್ನೂ ಕರೆದುಕೊಂಡು ಮಣಿಪಾಲಕ್ಕೆ ಬಂದಿದ್ದರು.

ಪ್ರದರ್ಶನ ನಡೆಸಲು ಬೆಂಗಳೂರಿನಿಂದ ಬಂದ ಟೈ ಕಟ್ಟಿದ ಯುವಕ, ಮೌಸ್ ಎಂಬ ಸಣ್ಣ ಸಾಧನವನ್ನು ಮೇಜಿನ ಮೇಲೆ ಆಡಿಸಿದ. ಪರದೆಯ ಮೇಲೆ ಬಾಣವೊಂದು ಓಡಿತು. ಪುಟ್ಟ ಚಿತ್ರಗಳಿಗೆ ಬಾಣ ತಾಗಿಸಿ ಒತ್ತಿದಾಗ ಕಿಟಕಿಗಳಂತೆ ಚೌಕಗಳು ತೆರೆದುಕೊಂಡವು. ಆಜ್ಞೆ ನೆನಪಿಡುವ ಅಗತ್ಯವೇ ಇಲ್ಲ ಎಂದ. ಆಗಲೇ ಮಾಸ್ಟ್ರು ಎದ್ದದ್ದು.

"ಈಗ ತೆರೆಯಿರಿ ನೋಡುವ" ಎಂದರು, ಬೈರಾಸಿನ ಅಂಚು ಸರಿಮಾಡುತ್ತ.

"ಸಾರ್, ನೋಡ್ದೇ ಆಗೋದಿಲ್ಲ."

"ಕರೆಂಟು ಹೋದರೆ?"

"ಕರೆಂಟು ಹೋದರೆ ಯಾವ ಕಂಪ್ಯೂಟರಿನಲ್ಲೂ ಆಗೋದಿಲ್ಲ ಸಾರ್."

"ನಮ್ಮಲ್ಲಿ ಆಗ್ತದೆ."

ಯುವಕ ನನ್ನ ಕಡೆ ನೋಡಿದ. ನಾನು ಬರೆದುಕೊಳ್ಳುತ್ತಿದ್ದೆ.

ಬಿಡುವಿನಲ್ಲಿ ಕ್ಯಾಂಟೀನಿನಲ್ಲಿ ಬನ್ಸ್ ಮುರಿಯುತ್ತ ಕೂತ ಮಾಸ್ಟ್ರನ್ನು, ಮೊದಲ ನೋಟಕ್ಕೆ ಏನನ್ನಿಸಿತು ಎಂದು ಕೇಳಿದೆ.

"ಎಂತ ಹೇಳುವುದು ಮಾರಾಯ್ರೆ. ಮಲ್ಪೆಗೆ ಘಟ್ಟದ ಮೇಲಿನವರು ಮೀನಿಗೆ ಬರ್ತಾರಲ್ಲ, ಹಾಗೆ ಇದು. ಬಂಗುಡೆ ಯಾವುದು, ಅಂಜಲ್ ಯಾವುದು ಗೊತ್ತಿಲ್ಲ. ಬೆರಳು ತೋರಿಸಿ ಅದು ಕೊಡಿ, ಇದು ಕೊಡಿ ಅಂತಾರೆ. ಹೆಸರು ಹೇಳಿ ಕೇಳ್ಲಿಕ್ಕೆ ಬರುವವನಿಗೆ ಈ ಬೆರಳು ಯಾಕೆ?"

"ಪೇಪರಿನಲ್ಲಿ ಹಾಕಬಹುದಾ?"

"ಹಾಕಿ. ಹೆಸರು ಸಮೇತ ಹಾಕಿ."

ಸುಮತಿಯನ್ನು ಕರೆಯಲು ಸಭಾಂಗಣಕ್ಕೆ ಮರಳಿದೆವು. ಸಭಿಕರಿಗೂ ಯಂತ್ರ ಮುಟ್ಟಲು ಅವಕಾಶ ಕೊಟ್ಟಿದ್ದರು. ಹಿಂದೆಂದೂ ಕಂಪ್ಯೂಟರ್ ಮುಟ್ಟದ ಒಬ್ಬ ನರ್ಸ್ ಮೌಸ್ ಹಿಡಿದಿದ್ದರು. ಅವರು ಚೌಕ ತೆರೆದರು, ಮುಚ್ಚಿದರು, ಮತ್ತೆ ತೆರೆದು ನಕ್ಕರು. ಮುಂದಿನ ಸರದಿ ಸುಮತಿಯದ್ದು. ಯುವಕ ಹೇಳಿಕೊಡಲು ಬಗ್ಗಿದವನು ಸ್ವಲ್ಪ ಹೊತ್ತಿಗೆ ಹಿಂದೆ ಸರಿದು ಕೈಕಟ್ಟಿ ನಿಂತ. ಅವಳು ತಾನಾಗಿಯೇ ಒಂದು ಪತ್ರ ಬರೆದು, ಶೀರ್ಷಿಕೆಯ ಅಕ್ಷರಗಳನ್ನು ದಪ್ಪ ಮಾಡಿ, ಬದಿಯಲ್ಲಿ ಒಂದು ದೋಣಿ ಬಿಡಿಸಿದ್ದಳು.

"ಇಲ್ಲಿ ನೋಡಿ ಮಾಸ್ಟ್ರೆ" ಎಂದಳು.

ಮಾಸ್ಟ್ರು ನೋಡಿದರು. ಮೇಜಿನ ಬದಿಗಿಟ್ಟಿದ್ದ ಬೈರಾಸನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

ಸಂಜೆ, ನಾನು ವರದಿ ಕಳಿಸುವ ಮೊದಲೇ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು.

"ಆ ಮೀನಿನ ಮಾತು ತೆಗೀಬಹುದಾ?"

"ಹೇಳಿದ್ದು ತಪ್ಪಾ?"

"ತಪ್ಪೆಂತ ಇಲ್ಲ, ಮಾತು ಸರಿಯೇ ಉಂಟು. ಆದರೆ ಅದನ್ನು ಓದಿದರೆ ಸುಮತಿಯ ಅಪ್ಪ ಅವಳನ್ನು ನನ್ನಲ್ಲೇ ಇಡ್ತಾರೆ."

ಹೇಳಿದ್ದನ್ನು ತೆಗೆಯುವುದಿಲ್ಲ, ಇನ್ನೇನಾದರೂ ಹೇಳುವುದಿದ್ದರೆ ಸೇರಿಸುತ್ತೇನೆ ಎಂದೆ. ಅವರು ಬೆಂಚಿನ ಮೇಲೆ ಕೂತರು. ಆಮೇಲೆ ಟೈಪಿಂಗ್ ಪಾಠ ಹೇಳುವ ನಿಧಾನದಲ್ಲಿ ಹೇಳಿದರು:

"ಬರ್ಕೊಳ್ಳಿ. ನಾನು ಕಲಿಸುವುದು ಇನ್ನು ಹೆಚ್ಚು ದಿನ ಇಲ್ಲ. ಇದು ಬರ್ತದೆ. ಮಕ್ಕಳನ್ನು ಉಡುಪಿಗೆ ಕಳಿಸಿ."

"ಎರಡೂ ಹಾಕುತ್ತೇನೆ."

"ಹಾಕಿ." ಬಾಗಿಲವರೆಗೆ ಹೋದವರು ತಿರುಗಿದರು. "ಮೀನಿನದ್ದು ಮೊದಲು ಬರ್ಲಿ. ಓದ್ಲಿಕ್ಕೆ ಲಾಯ್ಕ ಉಂಟು."

ವರದಿ ಹಾಗೆಯೇ ಬಂತು. ಸುಮತಿ ಉಡುಪಿಯ ಕೇಂದ್ರಕ್ಕೆ ಸೇರಿದಳು. ಉಳಿದವರು ಒಬ್ಬೊಬ್ಬರಾಗಿ ಬಿಟ್ಟರು. ಮುಂದಿನ ಮಳೆಗಾಲ ಮುಗಿಯುವಾಗ ಕಾಪುವಿನ ಮಹಡಿಯಲ್ಲಿ ಒಬ್ಬ ದರ್ಜಿ ಕೂತಿದ್ದ.

ಮಾಸ್ಟ್ರನ್ನು ನಾನು ಕೊನೆಯ ಸಲ ಕಂಡದ್ದು ೧೯೮೯ರಲ್ಲಿ, ಕಾಪುವಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬುತ್ತಿ.

"ಎಲ್ಲಿಗೆ ಮಾಸ್ಟ್ರೆ?"

"ಕ್ಲಾಸಿಗೆ."

"ಎಲ್ಲಿ ಕಲಿಸುತ್ತಿದ್ದೀರಿ ಈಗ?"

"ಕಲಿಸುವುದಲ್ಲ ಮಾರಾಯ್ರೆ, ಕಲಿಯುವುದು. ಸುಮತಿ ಈಗ ಅಲ್ಲೇ ಟೀಚರ್ ಅಲ್ವಾ? ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾಳೆ. ಮೌಸನ್ನು ಎರಡೆರಡು ಸಲ ಒತ್ತಬೇಕಂತೆ. ಒಮ್ಮೆ ಹೇಳಿದರೆ ಕೇಳದ ಯಂತ್ರ ಅದೆಂಥ ಯಂತ್ರ ಅಂತ ಕೇಳಿದೆ. 'ಮಾತಾಡಬೇಡಿ ಮಾಸ್ಟ್ರೆ, ಒತ್ತಿ' ಅಂತಾಳೆ."

ಉಡುಪಿಯಲ್ಲಿ ಇಳಿದು, ತಡವಾಯಿತೆಂದು ಬೇಗಬೇಗ ನಡೆದುಹೋದರು.

ಮರುತಿಂಗಳು ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ಮೊದಲು ಕೇಂದ್ರಕ್ಕೆ ಹೋಗಿ ಸುಮತಿಯನ್ನು ವಿಚಾರಿಸಿದೆ. ಮಾಸ್ಟ್ರು ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದರು. ಎರಡನೆಯ ಸಲಕ್ಕೆ ಹೆಸರು ಕೊಟ್ಟಿದ್ದರು.