ಆರೋಗ್ಯಮ್ಮನ ಪಕ್ಕದ ಜಾಗ

ಚೌರಪ್ಪನವರ ಬಗ್ಗೆ ಬರೆಯುವುದಿದ್ದರೆ ಅವರ ಚರ್ಚಿನವರೇ ಬರೆಯಬೇಕಿತ್ತು. ಅವರು ಬರೆಯುವುದಿಲ್ಲ, ನನಗೆ ಗೊತ್ತು. ಹಾಗಾಗಿ ಧಾರವಾಡದ ಲಿಂಗವಂತರ ಮನೆಯಲ್ಲಿ ಹುಟ್ಟಿ, ಬ್ಯಾಂಕಿನ ಗಂಡನ ಜೊತೆ ನಾಗಪುರಕ್ಕೆ ಬಂದು ಇಲ್ಲಿಯೇ ಮುದುಕಿಯಾದ ಜಯಾ ಎಂಬ ನಾನು ಬರೆಯುತ್ತಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮನೆಯವರು, ಶಂಕರಪ್ಪನವರು, ಸಾಯುವತನಕ ಹೇಳುತ್ತಿದ್ದರು. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ.

ಚೌರಪ್ಪ ಕನಕಪುರದ ಕಡೆಯವರು, ತಲೆಮಾರುಗಳಿಂದ ಕ್ರೈಸ್ತರು. ನಾಗಪುರದ ಪಕ್ಕದ ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್ ಆಗಿದ್ದರು. ನಮ್ಮನೆಯವರ ಬ್ಯಾಂಕೂ ಅಲ್ಲೇ ಇತ್ತು. ಅಲ್ಲಿ ಕನ್ನಡ ಮಾತಾಡುವ ಮನೆಗಳು ಬೆರಳೆಣಿಕೆಯಷ್ಟು, ಹಾಗಾಗಿ ನಮ್ಮ ಗಂಗಾಳ ಅವರ ಮನೆಗೆ, ಅವರ ಪಾತ್ರೆ ನಮ್ಮ ಮನೆಗೆ ಓಡಾಡಿಕೊಂಡಿದ್ದವು. ರಿಟೈರ್ ಆದಮೇಲೆ ಎರಡೂ ಮನೆಯವರು ಕೋರಾಡಿ ರಸ್ತೆಯ ಒಂದೇ ಗಲ್ಲಿಯಲ್ಲಿ ಮನೆ ಕಟ್ಟಿಸಿದೆವು. ಅವರ ಹೆಂಡತಿ ಆರೋಗ್ಯಮ್ಮ ಆ ಮನೆಯಲ್ಲಿ ಹೆಚ್ಚು ದಿನ ಬಾಳಲಿಲ್ಲ. ಊರೊಳಗಿನ ಕ್ರೈಸ್ತರ ಸ್ಮಶಾನದಲ್ಲಿ ಆಕೆಯನ್ನು ಮಣ್ಣು ಮಾಡಿದರು. ಮಗ ಉದಯ್, ಸೊಸೆ ಮೃದುಲಾ ಜೊತೆ ಚೌರಪ್ಪ ಉಳಿದರು.

ಭಾನುವಾರ ಪೂಜೆ ಮುಗಿದ ಮೇಲೆ ಅವರು ಚರ್ಚಿನ ಮಕ್ಕಳಿಗೆ ಜ್ಞಾನೋಪದೇಶ ಹೇಳುತ್ತಿದ್ದರು. ಆ ಚರ್ಚಿಗೆ ತಮಿಳರು, ಮಲಯಾಳಿಗಳು, ಗೋವಾದವರು, ಮರಾಠಿಗರು, ಜಾರ್ಖಂಡದ ಆದಿವಾಸಿಗಳು ಎಲ್ಲರೂ ಬರುತ್ತಾರೆ. ಚೌರಪ್ಪನವರ ಪಾಠವೂ ಅದನ್ನೇ ಹಿಡಿದುಕೊಂಡು ಹೋಗುವುದು. ದೇವರು ಎಲ್ಲ ಕುಲದವರನ್ನೂ ಎಲ್ಲ ಬಣ್ಣದವರನ್ನೂ ತನ್ನ ಹೋಲಿಕೆಯಲ್ಲೇ ಮಾಡಿದ್ದಾನೆ, ಪೂಜೆಯಲ್ಲಿ ಪರಮಪ್ರಸಾದವೆಂದು ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವವರು ಒಂದೇ ಶರೀರ, ಸತ್ತವರೂ ಆ ಶರೀರದಿಂದ ಬೇರೆಯಾಗುವುದಿಲ್ಲ. ಇದನ್ನು ಅವರು ನನಗೂ ಹೇಳುತ್ತಿದ್ದರು, ನಾನು ಕೇಳಲಿ ಬಿಡಲಿ.

"ಅಲ್ರೀ ಚೌರಪ್ಪನವರ, ಹೇಳಾಕ ಚಲೋನ ಐತಿ. ನಡೀತೈತೇನು ಹಂಗ?" ಎಂದು ನಾನು ಕೆಣಕುತ್ತಿದ್ದೆ.

"ನಡೆಯುತ್ತೆ ಅಕ್ಕಾ. ಸ್ವಲ್ಪ ನಿಧಾನ" ಎಂದು ನಗುತ್ತಿದ್ದರು. ಪುಣ್ಯಾತ್ಮ, ಅದನ್ನು ನಿಜವಾಗಿ ನಂಬಿದ್ದರು.

ಫಿಲ್ಬರ್ಟ್ ಬಂದದ್ದು ಆಗ. ತಾಂಜಾನಿಯಾದ ಹುಡುಗ, ಇಲ್ಲಿ ಫಾರ್ಮಸಿ ಓದುತ್ತಿದ್ದ. ಮೊದಲ ಭಾನುವಾರ ಅವನು ಚರ್ಚಿನಲ್ಲಿ ಕೂತ ಬೆಂಚಿನ ಎರಡೂ ಕಡೆ ಯಾರೂ ಕೂರಲಿಲ್ಲವಂತೆ. ಪೂಜೆಯ ನಡುವೆ ಅಕ್ಕಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ಪದ್ಧತಿಯುಂಟು. ಅವನ ಹಿಂದಿನವರು, ಮುಂದಿನವರು ಎಲ್ಲರೂ ಬೇರೆ ಯಾವುದೋ ದಿಕ್ಕಿಗೆ ತಿರುಗಿ ಕೈಮುಗಿದರು. ಚೌರಪ್ಪ ತಮ್ಮ ಮುಂದಿನ ಬೆಂಚಿನಿಂದ ಎದ್ದು ಹೋಗಿ ಅವನ ಪಕ್ಕ ಕೂತರು, ಮತ್ತೆ ಆ ಜಾಗ ಬಿಡಲಿಲ್ಲ.

ಅಂದಿನಿಂದ ಭಾನುವಾರದ ಊಟ ಅವನಿಗೆ ಇವರ ಮನೆಯಲ್ಲೇ. ಚೌರಪ್ಪ ತಾವೇ ನಿಂತು ಮುದ್ದೆ ತಿರುವುತ್ತಿದ್ದರು. ಹುಡುಗ ಮೊದಲ ಸಲ ಮುದ್ದೆ ಕಂಡು ಕಣ್ಣರಳಿಸಿದ. ಅವನ ಊರಲ್ಲೂ ಇಂಥದ್ದೇ ಒಂದು ಉಂಡೆ, ಮೆಕ್ಕೆಜೋಳದ ಹಿಟ್ಟಿನದು, ಉಗಾಲಿ ಅನ್ನುತ್ತಾರಂತೆ. ಬೆರಳಲ್ಲಿ ಮುರಿದು ಸಾರಲ್ಲಿ ಅದ್ದಿದ ರೀತಿ ನೋಡಿದರೆ ಕನಕಪುರದವನೇ ಅನ್ನಬೇಕು. ಧಾರವಾಡದ ನಾನು ಇಷ್ಟು ವರ್ಷವಾದರೂ ಮುದ್ದೆಯನ್ನು ಅಗಿಯುತ್ತೇನೆ, ಆ ಹುಡುಗ ನುಂಗಿದ.

ಜನವರಿಯಲ್ಲಿ ಅವರಿಗೆ ಮೂರು ರಾಜರ ಹಬ್ಬ. ಬಾಲಯೇಸುವನ್ನು ನೋಡಲು ಬಂದ ಮೂವರು ರಾಜರಲ್ಲಿ ಒಬ್ಬನು ಕಪ್ಪು ರಾಜ. ಪ್ರತಿವರ್ಷ ಯಾರಾದರೊಬ್ಬರು ಮುಖಕ್ಕೆ ಮಸಿ ಬಳಿದುಕೊಂಡು ಆ ವೇಷ ಹಾಕುತ್ತಿದ್ದರು. ಆ ವರ್ಷ "ಈ ಸಲ ಅಸಲೀ ಸಿಕ್ಕ" ಎಂದು ಫಿಲ್ಬರ್ಟನ ತಲೆಗೆ ಕಿರೀಟ ಇಟ್ಟರು. ಶಾಂತಿ ಕೋರಲು ಮುಖ ತಿರುಗಿಸಿದ್ದವರೆಲ್ಲ ಸಾಲಾಗಿ ನಿಂತು ಅವನ ಜೊತೆ ಫೋಟೊ ತೆಗೆಸಿಕೊಂಡರು. ಚೌರಪ್ಪ ಆ ಫೋಟೊ ತಂದು ತೋರಿಸಿ, "ನೋಡಿದ್ರಾ ಅಕ್ಕಾ, ನಡೀತಾ ಇದೆ" ಎಂದರು. ಅವರ ಮುಖ ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಳ್ಳುವುದು ನನ್ನ ಜಾಯಮಾನವಲ್ಲ.

ಅದೇ ವರ್ಷ ಮಳೆಗಾಲದ ಕೊನೆಯಲ್ಲಿ ಹುಡುಗನಿಗೆ ಡೆಂಗಿ ಬಂತು. ರಾಮದಾಸಪೇಠಿನ ಆಸ್ಪತ್ರೆಯಲ್ಲಿ ಡಾಕ್ಟರರು ಮಾಡುವುದೆಲ್ಲ ಮಾಡಿದರು, ಉಳಿಯಲಿಲ್ಲ. ಅವನ ಊರಿನವನೇ ಆದ ಗೆಳೆಯ ಬಾರಾಕಾ ತಾಯಿಗೆ ಫೋನು ಹಚ್ಚಿದ. ಹೆಣವನ್ನು ಅಷ್ಟು ದೂರ ತರಿಸಿಕೊಳ್ಳುವ ಶಕ್ತಿ ಆ ತಾಯಿಗಿರಲಿಲ್ಲ. ಆಕೆ ಕೇಳಿದ್ದು ಒಂದೇ: ಸುಡಬೇಡಿ, ಮಣ್ಣು ಮಾಡಿ, ನಮ್ಮ ಕ್ರೈಸ್ತ ಸಭೆಯವರ ನಡುವೆ ಇಡಿ, ಮಗ ಒಬ್ಬನೇ ಮಲಗಬಾರದು.

ಚೌರಪ್ಪ ಮಾತು ಕೊಟ್ಟರು.

ಕೊಟ್ಟ ಮಾತನ್ನು ನಡೆಸಲು ಸ್ಮಶಾನದಲ್ಲಿ ಜಾಗವೆಲ್ಲಿ? ಅದು ತುಂಬಿ ಯಾವ ಕಾಲವಾಯಿತೋ. ಈಗ ಅಲ್ಲಿ ಹೊಸ ಗುಂಡಿ ತೋಡುವುದಿಲ್ಲ. ಮನೆತನದ ಹಳೆಯ ಸಮಾಧಿಯನ್ನೇ ತೆರೆದು, ಇದ್ದ ಎಲುಬುಗಳನ್ನು ಬಿಳಿಬಟ್ಟೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟು, ಹೊಸ ಪೆಟ್ಟಿಗೆ ಇಳಿಸುತ್ತಾರೆ. ಒಮ್ಮೆ ಹಾಗೆ ಮಾಡಿದರೆ ಬಹಳ ವರ್ಷ ಮತ್ತೆ ತೆರೆಯುವಂತಿಲ್ಲ. ಆರೋಗ್ಯಮ್ಮನ ಸಮಾಧಿಯಲ್ಲಿ ಮುಂದಿನ ಜಾಗ ಚೌರಪ್ಪನವರದು. ಅದನ್ನು ಹುಡುಗನಿಗೆ ಕೊಡುತ್ತೇನೆ ಎಂದು ಅವರು ಚರ್ಚಿನ ಕಮಿಟಿಗೆ ಹೇಳಿದರು. ಕಮಿಟಿಯ ಅಧ್ಯಕ್ಷರು "ಮನೆಯವರೆಲ್ಲ ಒಪ್ಪಿದರೆ ನಮ್ಮದೇನೂ ಇಲ್ಲ" ಎಂದು ಜಾರಿಕೊಂಡರು. ಮನೆಯವರೆಂದರೆ ಉದಯ್.

ಆ ಮಾತು ನಡೆದಾಗ ನಾನು ಅವರ ಪಡಸಾಲೆಯಲ್ಲೇ ಕೂತಿದ್ದೆ.

"ಅಪ್ಪಾ, ಆ ಹುಡುಗನ ಮೇಲೆ ನಂದೇನೂ ಇಲ್ಲ" ಎಂದ ಉದಯ್. "ಆದ್ರೆ ನಾಳೆ ನಿಮ್ಮನ್ನ ಎಲ್ಲಿಡ್ಲಿ?"

"ಎಲ್ಲಾದ್ರೂ ಇಡಪ್ಪ. ನನ್ನ ಜಾಗ ತಾನೆ ಕೊಡ್ತಿರೋದು."

"ಲೋಗ್ ಕ್ಯಾ ಬೋಲೇಂಗೆ, ಜನ ಏನಂತಾರೆ, ಸ್ವಲ್ಪ ಯೋಚ್ನೆ ಮಾಡಿ."

"ನಿನಗೆ ಪರಮಪ್ರಸಾದದ ಪಾಠ ಹೇಳ್ಕೊಟ್ಟೋನು ನಾನೇ ಅಲ್ವೇನೋ? ಒಂದೇ ಶರೀರ ಅಂತ ಬಾಯಿಪಾಠ ಒಪ್ಪಿಸಿದ್ದೆ."

ಉದಯ್ ತಲೆ ತಗ್ಗಿಸಿದ. ಒಪ್ಪಿದ ಎಂದೇ ನಾನು ತಿಳಿದೆ. ಆಮೇಲೆ ತಲೆಯೆತ್ತದೆಯೇ ಹೇಳಿದ, "ಅಮ್ಮನ ಮೈಮೇಲೆ ಒಬ್ಬ ಕರಿಯ ಹಬ್ಶೀನ ಮಲಗ್ಸೋಕೆ ನಾನು ಬಿಡಲ್ಲ."

ಮೃದುಲಾ ಎದ್ದು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಏ ಉದಯ್, ಆ ಹುಡುಗನ ಜೋಡಿ ನೀ ಫೋಟೊ ತಗಸ್ಕೊಂಡಿದ್ದಿ. ನಾಚಿಕಿ ಬರೂದಿಲ್ಲೇನು ನಿನಗ?"

"ಕಾಕೂ, ಇದು ಘರ್ ಕಾ ಮಾಮ್ಲಾ, ನಮ್ಮನೆ ವಿಷ್ಯ" ಎಂದ. ಅಷ್ಟು ಮರ್ಯಾದೆಯಿಂದ ಹೇಳಿದನಲ್ಲ, ಕೆನ್ನೆಗೆ ಬಾರಿಸೋಣ ಅನ್ನಿಸಿತು.

ಚೌರಪ್ಪ ಮಗನ ಕಾಲನ್ನೂ ಹಿಡಿದರು. ಹೌದು, ಬಗ್ಗಿ ಹಿಡಿದರು, ನಾನು ಕಣ್ಣಾರೆ ಕಂಡೆ. ಮಗ ಕಾಲು ಎಳೆದುಕೊಂಡ. ಆಮೇಲೆ ಅವರು ಜಪಮಾಲೆ ಜೇಬಿಗೆ ಹಾಕಿಕೊಂಡು ಆ ಸ್ಮಶಾನದಲ್ಲಿ ಸಮಾಧಿಯಿದ್ದ ಮನೆತನಗಳವರ ಮನೆಗಳಿಗೆಲ್ಲ ಜಾಗ ಕೇಳುತ್ತ ತಿರುಗಿದರು. ಎಲ್ಲರೂ ಕೂರಿಸಿ ಚಹಾ ಕೊಟ್ಟರು, ಎಲ್ಲರೂ ಪಾಪ ಪಾಪ ಅಂದರು. ಒಬ್ಬರಿಗೆ ಅತ್ತೆಯ ಕಾಯಿಲೆ ಜೋರಾಗಿತ್ತು, ಇನ್ನೊಬ್ಬರಿಗೆ ಅಣ್ಣನನ್ನು ಕೇಳಬೇಕಿತ್ತು. ಫಾದರ್ ಚಿಕ್ಕ ವಯಸ್ಸಿನವರು, ಕಮಿಟಿಯನ್ನು ಮೀರಲಾರೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಕಣ್ಣೀರಿನಿಂದ ಯಾರಿಗೇನು ಬಂತು?

ಶವಾಗಾರದವರು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದಮೇಲೆ ಊರಾಚೆ, ವಾರಸುದಾರರಿಲ್ಲದ ಹೆಣಗಳನ್ನು ಹೂಳುವ ಬಯಲಿಗೆ ಹುಡುಗನನ್ನು ಒಯ್ದೆವು. ಫಾದರ್ ಬಂದು ಪ್ರಾರ್ಥನೆ ಹೇಳಿದರು, ಅಷ್ಟು ಒಪ್ಪುತ್ತೇನೆ. ಅವರು ಬಿಟ್ಟರೆ ಚೌರಪ್ಪ, ಬಾರಾಕಾ, ನಾನು. ಚೌರಪ್ಪ ತಾವೇ ಮಾಡಿದ ಮರದ ಶಿಲುಬೆಯನ್ನು ನೆಟ್ಟರು.

ತಾಯಿ ಫೋನಿನಲ್ಲಿ ನೋಡುತ್ತಿದ್ದಳು. ಫೋನು ನನ್ನ ಕೈಯಲ್ಲಿತ್ತು. ಸುತ್ತಲಿನ ಕಸದ ರಾಶಿ, ನಾಯಿ ಕೆದರಿದ ಮಣ್ಣು ಕಾಣದಂತೆ ಶಿಲುಬೆಯನ್ನಷ್ಟೇ ತೋರಿಸುತ್ತಿದ್ದೆ. ಆಕೆ ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡಿದ್ದಳು, ಅಳುತ್ತಿರಲಿಲ್ಲ. ಏನೋ ಕೇಳಿದಳು. ಬಾರಾಕಾ ಹಿಂದಿಯಲ್ಲಿ ತಿಳಿಸಿದ, "ಮಗನ ಪಕ್ಕದಲ್ಲಿ ಯಾರು ಮಲಗಿದ್ದಾರೆ ಅಂತ ಕೇಳ್ತಿದ್ದಾರೆ."

ನಾನು ಚೌರಪ್ಪನವರ ಕಡೆ ನೋಡಿದೆ. ಅವರು ಬಗ್ಗಿ ಶಿಲುಬೆಯ ಬುಡದ ಮಣ್ಣನ್ನು ಅಂಗೈಯಿಂದ ಒತ್ತಿದರು. ಆಮೇಲೆ ಹಿಂದಿಯಲ್ಲೇ ಹೇಳಿದರು, "ನನ್ನ ಹೆಂಡತಿ ಇದ್ದಾಳೆ ಅಂತ ಹೇಳಪ್ಪ."

ಬಾರಾಕಾ ಹಾಗೆಯೇ ಹೇಳಿದ. ಆ ತಾಯಿ ಹೆಸರು ಕೇಳಿದಳು. ಆರೋಗ್ಯಮ್ಮ ಎಂದರು. ಆಕೆ ಆ ಹೆಸರನ್ನು ತನ್ನ ನಾಲಿಗೆಗೆ ಬಂದಂತೆ ಹೇಳಿ, ಶಿಲುಬೆಯ ಗುರುತು ಹಾಕಿಕೊಂಡು, ಆಗ ಅತ್ತಳು. ದಿನವೂ ಮಗನ ಜೊತೆ ಆರೋಗ್ಯಮ್ಮನಿಗೂ ಒಂದು ಜಪ ಹೇಳುತ್ತೇನೆ ಎಂದಳಂತೆ.

ಮುಂದಿನ ಮಳೆಗಾಲ ಮುಗಿದಮೇಲೆ ಹೋದರೆ ಶಿಲುಬೆಯೂ ಇರಲಿಲ್ಲ, ಜಾಗವೂ ಗೊತ್ತಾಗಲಿಲ್ಲ. ಅದರ ಮೇಲೆ ಇನ್ನೆಷ್ಟು ಜನರನ್ನು ಹೂತಿದ್ದರೋ.

ಚೌರಪ್ಪ ಜ್ಞಾನೋಪದೇಶ ಬಿಟ್ಟರು. ಪೂಜೆಗೆ ಮಾತ್ರ ಹೋಗುತ್ತಾರೆ. ಈಗ ಕಣ್ಣು ಮಂಜು, ಮಂಡಿ ಮಾತು ಕೇಳುವುದಿಲ್ಲ, ಹಾಗಾಗಿ ಆಟೊದಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಎಲ್ಲರೂ ಎದ್ದು ಪರಮಪ್ರಸಾದಕ್ಕೆ ಹೋದಾಗ ಇವರು ಏಳುವುದಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಮಾಡಿದ ಪಾಪ ಹೇಳ್ಕೊಂಡು ಪಶ್ಚಾತ್ತಾಪ ಪಟ್ಟ ಮೇಲೇನೇ ತಗೋಬೇಕು ಅಕ್ಕಾ. ಸಾವಿನ ಹೊತ್ತಲ್ಲಿ ಒಬ್ಬ ತಾಯಿಗೆ ಸುಳ್ಳು ಹೇಳಿದೀನಿ. ಫಾದರ್ ಹತ್ರ ಹೇಳ್ದೆ. ಒಂದು ಸಲ ತಪ್ಪಾಯ್ತು ಅನ್ನಿ, ಮುಗೀತು ಅಂದ್ರು."

"ಅಂದುಬಿಡ್ರಿ ಮತ್ತ."

"ಬಾಯಿಗೆ ಬರಲ್ಲ ಅಕ್ಕಾ. ಸುಳ್ಳು ಹೇಳಿದ್ದಕ್ಕೆ ನಂಗೆ ದುಃಖ ಇಲ್ಲ. ಅದು ನಿಜ ಆಗ್ಲಿಲ್ವಲ್ಲ, ಅದಕ್ಕೆ."

ಹೋದ ಭಾನುವಾರವೂ ಹೋಗಿದ್ದೆವು. ಕಮಿಟಿಯ ಅಧ್ಯಕ್ಷರು, ಅತ್ತೆಯ ಕಾಯಿಲೆಯವರು, ಅಣ್ಣನನ್ನು ಕೇಳಬೇಕಾಗಿದ್ದವರು, ಉದಯ್, ಮೃದುಲಾ, ಎಲ್ಲರೂ ಕೈಜೋಡಿಸಿಕೊಂಡು ಸಾಲಿನಲ್ಲಿ ಹೋಗಿ ಪ್ರಸಾದ ತೆಗೆದುಕೊಂಡು ಬಂದರು. ಇಡೀ ಚರ್ಚಿನಲ್ಲಿ ಕೂತೇ ಇದ್ದವರು ನಾವಿಬ್ಬರೇ, ಲಿಂಗ ಕಟ್ಟಿಕೊಂಡ ನಾನು ಮತ್ತು ಚೌರಪ್ಪನವರು.